ಚಂಬಿನ ತಳದ ಒಂದು ಗುಟುಕು

ಅವನ ಹೆಬ್ಬೆರಳು ಕೂಸಿನ ಹಣೆಯ ಮೇಲೆ ಆಡಿದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ.

ಮೇಲಿನಿಂದ ಕೆಳಕ್ಕೆ... ಎಡದಿಂದ ಬಲಕ್ಕೆ.

ಕೂಸಿನ ತಾಯಿ ದೊಡ್ಡಬಸಮ್ಮ ನೋಡಲಿಲ್ಲ, ಹೆದರಿ ಕಣ್ಣು ಮುಚ್ಚಿಕೊಂಡಿದ್ದಳು. ಸುತ್ತ ನಿಂತ ಹೆಂಗಸರು ನೋಡಿದರೂ ಬೆವರು ಒರೆಸಿದ ಅಂದುಕೊಂಡರು. ಆದರೆ ಕೂಸನ್ನು ತೊಡೆಯ ಮೇಲೆ ಹಿಡಿದು ಕೂತಿದ್ದ ನೆರೆಮನೆಯ ಅಂಬಮ್ಮ ನೋಡಿಬಿಟ್ಟಳು.

'ಶಿಲುಬೆ ಗುರುತು! ಇವನು... ಇವನು ಅಲ್ಲಿಯವನು.'

ಅದು ಸಾವಿರದ ಎಂಟುನೂರ ತೊಂಬತ್ತಮೂರನೇ ಇಸವಿಯ ಚಳಿಗಾಲ. ಕುರುಗೋಡಿನ ಚಾವಡಿ ಕಟ್ಟೆಯ ಮೇಲೆ ಮಕ್ಕಳಿಗೆ ದೇವಿ ಹಾಕಲು ಸರ್ಕಾರದ ಮನುಷ್ಯ ಬಂದಿದ್ದ. ಸಿಡುಬು ಬಾರದ ಹಾಗೆ ತೋಳನ್ನು ಸಣ್ಣ ಚಾಕುವಿನಿಂದ ಗೀರಿ ಮದ್ದು ಸವರುವ ಕೆಲಸ ಅವನದು. ಅವನು ಬರುತ್ತಾನೆಂದರೆ ಊರಿನ ಅರ್ಧ ತಾಯಂದಿರು ಮಕ್ಕಳನ್ನು ಕಣಜದ ಹಿಂದೆ ಬಚ್ಚಿಡುತ್ತಿದ್ದರು. ದೇವಿಯನ್ನು ಕೆಣಕಿದರೆ ಅವಳು ಸುಮ್ಮನಿರುತ್ತಾಳೆಯೇ ಎಂಬ ಹೆದರಿಕೆ.

ಅವನ ಹೆಸರು ರಾಯಪ್ಪ. ಇಪ್ಪತ್ತೊಂಬತ್ತರ ವಯಸ್ಸು, ತೆಳ್ಳಗೆ ಎತ್ತರದ ಆಳು, ತಲೆಗೆ ಬಿಳಿ ರುಮಾಲು, ಕಂಕುಳಲ್ಲಿ ತಗಡಿನ ಪೆಟ್ಟಿಗೆ. ಕುರುಗೋಡಿನಲ್ಲೇ ಆ ಹೆಸರಿನವರು ಏಳೆಂಟು ಮಂದಿ ಇದ್ದುದರಿಂದ ಅವನು ಕ್ರೈಸ್ತನೆಂಬ ಅನುಮಾನ ಯಾರಿಗೂ ಬಂದಿರಲಿಲ್ಲ.

"ತೋಳು ಗಟ್ಟಿ ಹಿಡೀರಿ," ಎಂದ ಅವನು.

ಹಿಡಿದಳು. ಚಾಕು ಗೀರಿತು, ಕೂಸು ಕಿಟಾರನೆ ಕಿರುಚಿತು. ಆ ಕಿರುಚಿಗೆ ಅಂಬಮ್ಮನ ಬಲಗೈ... ಅವಳನ್ನು ಕೇಳದೆಯೇ... ತನ್ನ ಹಣೆಗೆ ಹೋಯಿತು. ಹಣೆಯಿಂದ ಎದೆಗೆ ಇಳಿಯುವಷ್ಟರಲ್ಲಿ ಎಚ್ಚರವಾಗಿ, ಸೆರಗು ಸರಿಮಾಡಿಕೊಂಡವಳಂತೆ ನಟಿಸಿದಳು.

ತಲೆ ಎತ್ತಿದರೆ ರಾಯಪ್ಪ ಅವಳನ್ನೇ ನೋಡುತ್ತಿದ್ದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳರು ಇಬ್ಬರು, ಇಬ್ಬರ ಹೆಗಲ ಮೇಲೂ ಬೂದಿ.

"ಎಂಟು ದಿನಕ್ಕ ಮತ್ತ ಬರ್ತೀನಿ. ಗುಳ್ಳಿ ಎದ್ದಾವೋ ಇಲ್ಲೋ ನೋಡಬೇಕು," ಎಂದು ಪೆಟ್ಟಿಗೆ ಮುಚ್ಚುತ್ತಾ ಹೇಳಿದವನು, ಅಂಬಮ್ಮನ ಕಡೆ ತಿರುಗಿದ. "ನೀವೂ ಬರ್ರಿ."

"ಅಕಿ ಯಾಕ?" ಎಂದಳು ದೊಡ್ಡಬಸಮ್ಮ.

"ಕೂಸು ಅವರ ತೊಡಿ ಮ್ಯಾಲ ಸುಮ್ಮನ ಇರತೈತಿ."

ಕೂಸು ಆಗಲೂ ಊರು ಕೇಳುವಂತೆ ಅಳುತ್ತಲೇ ಇತ್ತು.

* * *

ಅಂಬಮ್ಮನ ಕಥೆ ಊರಿಗೆ ಗೊತ್ತಿತ್ತು. ಅಂದರೆ, ಊರಿಗೆ ಎಷ್ಟು ಬೇಕೋ ಅಷ್ಟು.

ಧಾತು ಸಂವತ್ಸರದ ಬರದಲ್ಲಿ ಅವಳ ತಾಯಿ ಜಡೆಮ್ಮ ಆರು ವರ್ಷದ ಮಗಳ ಕೈ ಹಿಡಿದು, ಗಂಜಿ ಸಿಗುತ್ತದಂತೆ ಎಂದು ಬಳ್ಳಾರಿಯ ದಾರಿ ಹಿಡಿದಳು. ಮತ್ತೆ ಬರಲಿಲ್ಲ. ಹದಿಮೂರು ವರ್ಷವಾದ ಮೇಲೆ ಅಜ್ಜಿ ಹುಲುಗಮ್ಮ ಬಳ್ಳಾರಿಯ ಒಂದು ಕನ್ಯಾಮಠದ ಹಿತ್ತಲಿಗೆ ಕಟ್ಟಿಗೆ ಮಾರಲು ಹೋದಾಗ, ಬಾವಿಯ ಹತ್ತಿರ ಬಟ್ಟೆ ಹಿಂಡುತ್ತಿದ್ದ ಹುಡುಗಿಯ ಮೊಣಕೈ ಮೇಲೆ ತಾನೇ ಹಾಕಿಸಿದ್ದ ಚೇಳಿನ ಹಚ್ಚೆ ಕಂಡಳು. ಕಟ್ಟಿಗೆಯ ಹೊರೆ ಅಲ್ಲೇ ಬಿತ್ತು, ಅಜ್ಜಿಯೂ ಅಲ್ಲೇ ಕುಸಿದಳು.

ಮೊಮ್ಮಗಳು ತಾನಾಗಿಯೇ ಅವಳ ಹಿಂದೆ ಬಂದಳು. ಕುಲದವರು ಸೇರಿ, ಶುದ್ಧಿಗೆಂದು ಬಂಗಾರದ ಕಡ್ಡಿ ಕಾಸಿ ಅವಳ ನಾಲಿಗೆಗೆ ಮುಟ್ಟಿಸಿ ಒಳಗೆ ಕರೆದುಕೊಂಡರು. ಕನ್ಯಾಸ್ತ್ರೀಯರು ಕರೆಯುತ್ತಿದ್ದ ಆಗ್ನೇಸಮ್ಮ ಎಂಬ ಹೆಸರು ಹೋಗಿ ಅಂಬಮ್ಮ ಎಂಬ ಹೆಸರು ವಾಪಸು ಬಂತು. ಊರಿನ ಲೆಕ್ಕದಲ್ಲಿ ಕಥೆ ಅಲ್ಲಿಗೆ ಮುಗಿಯಿತು.

ಆದರೆ ಮೈ ಅಷ್ಟು ಬೇಗ ಮರೆಯುತ್ತದೆಯೇ?

ಈಗಲೂ ಬೆಳಗಿನ ಐದು ಗಂಟೆಗೆ, ಇಲ್ಲದ ಗಂಟೆಯ ಸದ್ದು ಕೇಳಿ ಅವಳು ಎದ್ದು ಕೂರುತ್ತಿದ್ದಳು. ಊಟಕ್ಕೆ ಮುಂಚೆ ತುಟಿ ತಾನಾಗಿ ಅಲ್ಲಾಡುತ್ತಿತ್ತು. ಯೇಸು ಸತ್ತ ವಾರ ಎಂದು ಮಠದಲ್ಲಿ ಶುಕ್ರವಾರ ಬಾಡು ತಿನ್ನುತ್ತಿರಲಿಲ್ಲ. ಇಲ್ಲಿಗೆ ಬಂದು ಮೂರು ವರ್ಷವಾದರೂ ಆ ದಿನ ಅವಳ ಗಂಟಲಲ್ಲಿ ಅದು ಇಳಿಯುತ್ತಿರಲಿಲ್ಲ. 'ನನ್ನ ಮೊಮ್ಮಗಳಿಗೆ ಹುಲಿಗೆಮ್ಮನ ಶುಕ್ರವಾರ' ಎಂದು ಅಜ್ಜಿ ಓಣಿಗೆಲ್ಲ ಹೇಳಿಕೊಂಡು ಬಂದಳು. ಹೆಂಗಸರು ಅವಳ ಭಕ್ತಿಗೆ ತಲೆದೂಗಿದರು. ಕುಪ್ಪಸ ಹೊಲಿಸಲು ಬಂದವರು ಅವಳ ಕೈಯಿಂದಲೇ ಅರಿಶಿನ ಹಚ್ಚಿಸಿಕೊಂಡು ಹೋದರು.

ಅಂಬಮ್ಮ ಇಲ್ಲ ಅನ್ನಲಿಲ್ಲ. ಹೌದು ಅನ್ನಲೂ ಇಲ್ಲ.

'ಬಿಟ್ಟು ಬಂದ ದೇವರು ನನ್ನನ್ನು ಬಿಡುತ್ತಿಲ್ಲ. ಬಂದು ಸೇರಿದ ದೇವಿಗೆ ದಿನಾ ಸುಳ್ಳು ಹೇಳುತ್ತಿದ್ದೇನೆ. ನಾನು ಯಾರ ಪೈಕಿ?'

ಒಲೆಯ ಮುಂದೆ, ಸೂಜಿ ಹಿಡಿದಾಗ, ಬಾವಿಗೆ ಹಗ್ಗ ಬಿಟ್ಟಾಗ ಇದೇ ಯೋಚನೆ. ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. 'ಕಾಲಾಗ ಚಕ್ರ ಐತೇನಲೇ ನಿನಗ' ಎಂದು ಅಜ್ಜಿ ಬೈಯುತ್ತಿದ್ದಳು.

* * *

ಎಂಟನೇ ದಿನ ಬಂದದ್ದು ಶುಕ್ರವಾರ.

ಕೂಸಿನ ತೋಳಲ್ಲಿ ನಾಲ್ಕು ಗುಳ್ಳೆ ಚೆನ್ನಾಗಿ ಎದ್ದಿದ್ದವು. ಅಜ್ಜಿಗೆ ಖುಷಿಯಾಗಿ ರಾಯಪ್ಪನನ್ನು ಊಟಕ್ಕೆ ಕರೆದಳು. ಮನೆಯಲ್ಲಿ ಬಾಡಿನ ಸಾರು ಕುದಿಯುತ್ತಿತ್ತು.

"ಇವತ್ತು ಅದು ಒಲ್ಲೆ ಯವ್ವ. ರೊಟ್ಟಿ, ಖಾರ ಸಾಕು."

"ಯಾಕಪ್ಪ, ನಿನಗೂ ಹುಲಿಗೆಮ್ಮನ ವಾರೇನು?"

ರಾಯಪ್ಪ ಒಲೆಯ ಪಕ್ಕ ಮುಚ್ಚಿಟ್ಟಿದ್ದ ಗಂಗಾಳದ ಕಡೆ ನೋಡಿದ. ಅಂಬಮ್ಮನಿಗೆಂದು ತೆಗೆದಿಟ್ಟ ಅದರಲ್ಲೂ ರೊಟ್ಟಿ ಮತ್ತು ಖಾರ ಅಷ್ಟೇ.

"ನಿಮ್ಮ ಮೊಮ್ಮಗಳದು ಯಾವ ವಾರನೋ, ನಂದೂ ಅದ ವಾರ," ಎಂದ.

ಅಂಬಮ್ಮ ಗೋಡೆಯ ಕಡೆ ತಿರುಗಿ ನಕ್ಕಳು. ಎಷ್ಟು ದಿನವಾಗಿತ್ತು ಹಾಗೆ ನಕ್ಕು!

ಅವನು ಹೋದ ಮೇಲೆ ಅಜ್ಜಿ ಚಂಬು ಎತ್ತಿ ನೋಡಿ ಗೊಣಗಿದಳು. "ಎಲ್ಲಾ ಛಲೋ ಐತಿ, ಇದೊಂದು ಕೆಟ್ಟ ಚಾಳಿ. ನೀರು ಕುಡಿದ್ರ ತಳದಾಗ ಒಂದು ಗುಟುಕು ಬಿಡ್ತಾನ. ಹೋದ ವಾರ ಚಾವಡಿಯಾಗೂ ಹಂಗ ಮಾಡಿದ್ದ."

ಆಮೇಲೆ ರಾಯಪ್ಪನಿಗೆ ಕುರುಗೋಡಿನ ದಾರಿಯೇ ಹತ್ತಿರವಾಯಿತು. ಬಳ್ಳಾರಿಗೆ ಹೋಗಬೇಕಾದರೂ ಕುರುಗೋಡು, ಅಲ್ಲಿಂದ ಬರಬೇಕಾದರೂ ಕುರುಗೋಡು. ಅಜ್ಜಿ ಜಗಲಿಯಲ್ಲಿ ಕಡಲೆ ಹಸನು ಮಾಡುತ್ತಾ ಕೂತಿರುತ್ತಿದ್ದಳು. ಇವರಿಬ್ಬರೂ ಅವಳ ಕಣ್ಣ ಮುಂದೆಯೇ, ಕಿವಿಗೆ ಬೀಳದಷ್ಟು ಮೆಲ್ಲಗೆ, ಅವಳಿಗೆ ತಿಳಿಯದ ಊರೊಂದರ ಮಾತು ಆಡುತ್ತಿದ್ದರು.

"ನಿಮಗ ಅಲ್ಲಿ ಏನ್ ಕೆಲಸ ಹಚ್ಚಿದ್ರು?" ಎಂದು ಅವನು ಕೇಳಿದ.

"ಚರ್ಚಿನ ಪೂಜಿಯಾಗ ಹಂಚೋ ತೆಳ್ಳನ ಅಪ್ಪ ಸುಡೋದು. ಕಬ್ಬಿಣದ ಇಕ್ಕಳದಾಗ ಹಿಟ್ಟು ಹೊಯ್ದು, ಕೆಂಡದ ಮ್ಯಾಲ ಹಿಡಿದು... ದುಂಡಗ ಕತ್ತರಿಸಿದ ಮ್ಯಾಲ ಅಂಚಿನ ಚೂರು ಉಳೀತಿದ್ವು ನೋಡ್ರಿ, ಅದನ್ನ ತಿನ್ನಾಕ ನಾವು ಸಾಲು ಹಚ್ಚತಿದ್ವಿ." ಅವಳ ಕಣ್ಣು ಅರಳಿತು. ತಕ್ಷಣ ಮತ್ತೆ ಮಂಕಾಯಿತು. "ನೀವು?"

"ಗಂಡು ಹುಡುಗರ ಕಡಿ ಗಂಟಿ ಹೊಡೆಯೋದು. ಬೆಳಿಗ್ಗಿ ಐದಕ್ಕ."

"ಓಹೋ. ಹಂಗಾದ್ರ ನನ್ನ ನಿದ್ದಿ ಕೆಡಿಸಿದಾಂವ ನೀವ."

"ಆವಾಗ... ಹೌದು," ಎಂದ ರಾಯಪ್ಪ ಮೆಲ್ಲಗೆ. "ಈಗೂ ಕೆಡಸ್ತೀನೇನು?"

ಅಂಬಮ್ಮ ಸೂಜಿಗೆ ದಾರ ಪೋಣಿಸಲು ಮೂರು ಸಲ ಪ್ರಯತ್ನಿಸಿದಳು. ಮೂರು ಸಲವೂ ತಪ್ಪಿತು.

ಇನ್ನೊಂದು ದಿನ ಅವನು ಮಠದ ಪ್ರಶ್ನೋತ್ತರ ನೆನಪಿದೆಯೇ ಎಂದು ಪರೀಕ್ಷೆಗೆ ಕೂತ. "ಯಾರ್ಯಾರು ತಮ್ಮೊಳಗ ಮದುವಿ ಆಗಬಾರದು, ಹೇಳ್ರಿ ನೋಡೂಣು."

ಅವಳು ಚಿಕ್ಕ ಹುಡುಗಿಯಂತೆ ಕೈಕಟ್ಟಿ ಒಪ್ಪಿಸಿದಳು. "ಅಣ್ಣ ತಂಗಿ ಆಗಬಾರದು. ಚಿಕ್ಕಪ್ಪನ ಮಕ್ಕಳು ಆಗಬಾರದು. ಮತಕ್ಕ ಸೇರಿಸೋವಾಗ ಜ್ಞಾನಸ್ನಾನದ ನೀರು ಹಾಕಿದಾಂವ ತಂದಿ ಸಮಾನ, ಹಾಕಿಸಿಕೊಂಡಾಕಿ ಮಗಳ ಸಮಾನ, ಅವರೂ ಆಗಬಾರದು..." ಅಲ್ಲಿಗೆ ತಾನು ಯಾವ ವಿಷಯ ಮಾತಾಡುತ್ತಿದ್ದೇನೆಂದು ಹೊಳೆದು ನಾಲಿಗೆ ಕಚ್ಚಿಕೊಂಡಳು. ರಾಯಪ್ಪ ನೆಲ ನೋಡಿ ನಗುತ್ತಿದ್ದ.

"ನೀವು ಮತ ಪೂರಾ ಬಿಟ್ರೇನು?" ಎಂದು ಕೊನೆಗೊಮ್ಮೆ ಕೇಳಿದ.

"ಬಿಟ್ಟೆ."

"ನಾ ಬಿಟ್ಟಿಲ್ಲ. ಹಿಡಿದೀನಿ ಅಂತ ಎದಿ ತಟ್ಟಿ ಹೇಳಾಕೂ ಬರಂಗಿಲ್ಲ." ಅವಳ ಕಡೆ ತಿರುಗಿ, "ಯಾಕ ಬಿಟ್ರಿ?" ಎಂದ.

ಈ ಪ್ರಶ್ನೆಯನ್ನು ಇದುವರೆಗೆ ಅವಳಿಗೆ ಯಾರೂ ಕೇಳಿರಲಿಲ್ಲ. ಕುಲದವರು ಕೂಡ ಕೇಳಿರಲಿಲ್ಲ, ಕಡ್ಡಿ ಕಾಸುವ ಅವಸರ ಅವರಿಗೆ.

"ಮಠದಾಗ ಒಬ್ಬರು ಮುದುಕಿ ಮದರ್ ಇದ್ರು," ಎಂದು ಶುರುಮಾಡಿದಳು. "ನನಗ ಜ್ವರ ಬಂದಾಗ ಮೂರು ದಿನ ತಲಿದಿಂಬಿನ ಹತ್ರ ಕುಂತಿದ್ರು. ಸ್ವಂತ ತಾಯಿನೂ ಹಂಗ ನೋಡಂಗಿಲ್ಲ. ನಾ ಒಂಬತ್ತು ವರ್ಷದಾಕಿ ಇದ್ದಾಗ ಅವರನ್ನ ಕೇಳ್ದೆ... ನಾ ಸತ್ತು ಸ್ವರ್ಗಕ್ಕ ಹೋದ್ರ ನಮ್ಮವ್ವ ಸಿಗ್ತಾಳೇನು ಅಂತ."

"ಏನಂದ್ರು?"

"ಕಣ್ಣೀರು ಹಾಕಿದ್ರು. ಹಾಕಿ, ಸಿಗಂಗಿಲ್ಲ ಅಂದ್ರು. ನನಗ ಜ್ಞಾನಸ್ನಾನ ಆಗೇತಿ, ನಮ್ಮವ್ವ ಹಂಗ ಸತ್ತಾಳಂತ. ನೀರು ಬಿದ್ದಾಕಿ ಸ್ವರ್ಗಕ್ಕ, ಬೀಳದಾಕಿ ಬ್ಯಾರೆ ಕಡಿಗೆ." ಅಂಬಮ್ಮನ ಧ್ವನಿ ಗಟ್ಟಿಯಾಯಿತು. "ಅವ್ವ ಇಲ್ಲದ ಸ್ವರ್ಗ ತಗೊಂಡು ನಾ ಏನ್ ಮಾಡ್ಲಿ? ಹತ್ತು ವರ್ಷ ಒಳಗ ಒಳಗ ಕುದ್ದೆ. ಅಜ್ಜಿ ಬಂದ ದಿನ ಎದ್ದು ಬಂದುಬಿಟ್ಟೆ. ಆ ಮದರ್ ಮ್ಯಾಲ ಸಿಟ್ಟು ಮಾಡಾಕ ಹೋದ್ರ ಅವರ ತಣ್ಣನ ಕೈ ನೆನಪಾಗತೈತಿ. ಪ್ರೀತಿ ಮಾಡಾಕ ಹೋದ್ರ ಆ ಮಾತು ನೆನಪಾಗತೈತಿ."

ರಾಯಪ್ಪ ಮುಂದಕ್ಕೆ ಬಾಗಿ ಕೇಳುತ್ತಿದ್ದ. ಅದೇ ಅವಳಿಗೆ ಹಿತವಾಯಿತು. ಅದಕ್ಕೇ ಯಾರಿಗೂ ಹೇಳದ ಇನ್ನೊಂದನ್ನೂ ಹೇಳಿದಳು.

"ನನಗ ನೀರು ಹಾಕಿದಾಂವ ಒಬ್ಬ ಹುಡುಗ ಅಂತ. ಗಂಜಿ ಮನಿಯಿಂದ ಚಂಬು ಹಿಡಿದು ದಾರಿಗುಂಟ ಹುಡುಗರನ್ನ ಕಳಸ್ತಿದ್ರಂತಲ್ಲ, ಸಾಯೋ ಮಕ್ಕಳ ತಲಿಗೆ ನೀರು ಹಾಕಾಕ. ಅವನ್ನ ಒಂದು ಸಲ ನೋಡಬೇಕು. ಇಷ್ಟ ಕೇಳಬೇಕು... ಕೈಯಾಗ ನೀರಿತ್ತಲ್ಲ, ನಮ್ಮವ್ವಗ ಯಾಕ ಕೊಡಲಿಲ್ಲ ಅಂತ. ಅದನ್ನ ಕೇಳೋ ತನಕ ನನಗ ಎಲ್ಲೂ ನೆಲಿ ಇಲ್ಲ."

"ಎಲ್ಲಿ... ಯಾವ ಜಾಗದಾಗ?" ಎಂದ ರಾಯಪ್ಪ.

"ಬಳ್ಳಾರಿ ದಾರಿಗೆ ಜೋಡಿ ಹುಣಸಿಮರ ಅದಾವಲ್ಲ, ಅದರ ಬುಡಕ್ಕ. ನನಗ ನೆನಪಿರೋದು ಒಂದ. ತಲಿ ಮ್ಯಾಲ ಬಿದ್ದ ನೀರು ಮೂಗಿನ ಮ್ಯಾಲಿಂದ ಇಳಿದು ಬಾಯಿಗೆ ಬಂತು. ನೆಕ್ಕಿದೆ."

ರಾಯಪ್ಪ ಎದ್ದ. ಅಜ್ಜಿ ತಂದ ಮಜ್ಜಿಗೆ ಮುಟ್ಟಲಿಲ್ಲ. "ಬಿಸಿಲು ಏರತೈತಿ," ಎಂದವನು ಹೊರಟೇ ಹೋದ.

ಬಿಸಿಲು ಇಳಿಯುವ ಹೊತ್ತು ಅದು.

* * *

ಮುಂದಿನ ಶುಕ್ರವಾರ ಅವನು ಬರಲಿಲ್ಲ. ಅದರ ಮುಂದಿನ ಶುಕ್ರವಾರವೂ ಇಲ್ಲ. ತಿಂಗಳಾದ ಮೇಲೆ ಚಾವಡಿಗೆ ಬೇರೆ ಯಾರೋ ತಗಡಿನ ಪೆಟ್ಟಿಗೆ ಹಿಡಿದು ಬಂದ. "ರಾಯಪ್ಪ ತಾನ ವರ್ಗ ಕೇಳಿಕೊಂಡು ಸಿರುಗುಪ್ಪ ಕಡಿಗೆ ಹೋದ," ಎಂದ ಅವನು.

ಕೇಳಿಕೊಂಡು!

ಅಂಬಮ್ಮನಿಗೆ ಬೇರೆ ಅರ್ಥವೇ ಹೊಳೆಯಲಿಲ್ಲ. 'ನಾನು ಮತ ಬಿಟ್ಟವಳು. ಅವನು ಭಾನುವಾರ ಮೊಣಕಾಲೂರುವವನು. ಅಷ್ಟು ದಿನ ನಕ್ಕ, ಬಾಯಿಬಿಟ್ಟು ಹೇಳಿದ ಮೇಲೆ ಹೇಸಿದ.' ಅವನ ಹತ್ತಿರ ಮನಸ್ಸು ಬಿಚ್ಚಿದ್ದಕ್ಕೆ ತನ್ನ ಮೇಲೆಯೇ ಕೋಪ ಬಂತು. ಹೊಲಿದ ಕುಪ್ಪಸದ ತೋಳು ಉಲ್ಟಾ ಜೋಡಿಸಿದಳು, ಬಿಚ್ಚಿದಳು, ಮತ್ತೆ ಉಲ್ಟಾ ಜೋಡಿಸಿದಳು. ಐದು ಗಂಟೆಗೆ ಎಚ್ಚರವಾದರೆ ಈಗ ಗಂಟೆಯ ಜೊತೆ ಹೊಡೆಯುವವನ ಮುಖವೂ ಕಾಣುತ್ತಿತ್ತು.

ಉಗಾದಿ ಮುಗಿದ ಮೇಲೆ ಅಜ್ಜಿ ಮಾತೆತ್ತಿದಳು. "ದೇಶನೂರಾಗ ಎರ್ರೆಪ್ಪ ಅಂತ ಐದಾನ. ಕಾಲುವಿ ಕೆಳಗ ನೆಲ್ಲಿನ ಗದ್ದಿ. ನಮ್ಮ ಪೈಕಿನ. ನಿನ್ನ ಶುಕ್ರವಾರದ ಸುದ್ದಿ ಕೇಳಿ, ಅಂಥ ಭಕ್ತಿ ಹುಡುಗೀನ ಬೇಕು ಅಂದಾನಂತ. ಮನಿ ನೋಡಿಕೊಂಡು ಬರೂಣು ನಡಿ."

ಭಕ್ತಿಯ ಹುಡುಗಿ! ಅಂಬಮ್ಮನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. 'ಅವನ ಮನೆಯಲ್ಲಿ ಸಾಯುವ ತನಕ ಆ ಸುಳ್ಳನ್ನೇ ಉಟ್ಟುಕೊಂಡು ಬದುಕಬೇಕು... ಆದರೆ ಅಜ್ಜಿಗೆ ವಯಸ್ಸಾಯಿತು. ಇನ್ನು ಯಾರಿಗಾಗಿ ಕಾಯಲಿ?'

"ನಡಿ," ಎಂದಳು.

ಗಾಡಿ ಮರುದಿನ ಮಧ್ಯಾಹ್ನದ ಹೊತ್ತಿಗೆ ಸಿರುಗುಪ್ಪ ಮುಟ್ಟಿತು. ಎತ್ತಿಗೆ ನೀರು ಕುಡಿಸಲು ಕಾಲುವೆಯ ಪಕ್ಕ ನಿಲ್ಲಿಸಿದರು. ಎದುರಿಗೆ ಬೇವಿನ ಮರದ ಕೆಳಗೆ ಹೆಂಗಸರ ಗುಂಪು, ಅಳುವ ಮಕ್ಕಳು, ನಡುವೆ ಒಂದು ಬಿಳಿ ರುಮಾಲು.

ಅಂಬಮ್ಮ ಗಾಡಿಯಿಂದ ಇಳಿದದ್ದು ಅವಳಿಗೇ ತಿಳಿಯಲಿಲ್ಲ. ಹೋದವಳು ಗುಂಪಿನ ಕೊನೆಯಲ್ಲಿ ನಿಂತಳು. ಕೊನೆಯ ಕೂಸು ಹೋಗುವ ತನಕ ನಿಂತು, ಅವನ ಮುಂದೆ ಕೂತು, ತೋಳು ಚಾಚಿದಳು.

"ನನಗೂ ಹಾಕ್ರಿ."

ರಾಯಪ್ಪನ ಕೈಯಿಂದ ಚಾಕು ಜಾರಿತು. ಅವನು ಸೊರಗಿದ್ದ. "ನಿಮಗ... ಮಠದಾಗ ಆಗೇತಿ. ಕಲಿ ಕಾಣತೈತಿ."

"ನಾ ಮತ ಬಿಟ್ಟಾಕಿ ಅಂತ ಹೇಸಿಗಿ ಆತೇನು? ಅದೊಂದು ಬಾಯಿಬಿಟ್ಟು ಹೇಳ್ರಿ. ಹಂಗ ಓಡಿಬಂದ್ರ ನಾ ಏನಂತ ತಿಳ್ಕೋಬೇಕು? ನಾ ದೇಶನೂರಿಗೆ ಗಂಡು ನೋಡಾಕ ಹೊಂಟೀನಿ. ಹೇಳಿದ್ರ ನೆಮ್ಮದಿಲೆ ಹೋಗ್ತೀನಿ."

"ಹೇಸಿಗಿ?" ಅವನು ತಲೆ ಎತ್ತಿದ. ಕಣ್ಣು ತುಂಬಿದ್ದವು. "ನನ್ನ ಮ್ಯಾಲ ನನಗ ಹೇಸಿಗಿ ಅಂಬಮ್ಮ. ನೀವು ಹುಡುಕೋ ಹುಡುಗ... ನಾನ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಆದದ್ದೇ ಎದ್ದು ಕಾಲುವೆಯ ಏರಿಯ ಕಡೆ ನಡೆದಳು. ಅವನು ನಾಲ್ಕು ಹೆಜ್ಜೆ ಹಿಂದೆ ಬಂದು ನಿಂತ.

ಕಾಲುವೆ ತುಂಬಿ ಹರಿಯುತ್ತಿತ್ತು. ಎಷ್ಟು ನೀರು!

"ಹೇಳ್ರಿ," ಎಂದಳು ನೀರನ್ನೇ ನೋಡುತ್ತಾ. "ಎಲ್ಲಾ ಹೇಳ್ರಿ."

"ನನಗ ಹದಿಮೂರು ಆವಾಗ. ನಮ್ಮದು ಇಲ್ಲೇ ಕರೂರು. ಮನಿಯವರೆಲ್ಲ ಹೋಗಿ ನಾ ಒಬ್ಬನ ಉಳಿದಿದ್ದೆ. ಗಂಜಿ ಮನಿಯ ಪಾದ್ರಿ ಸ್ವಾಮಿಗಳು ನನ್ನ ಕೈಗೆ ಚಂಬು ಕೊಟ್ಟು ಹೇಳಿದ್ರು... ಬಾಯಾರಿದವರಿಗೆ ಕೊಡು, ಆದ್ರ ಕೊನೀ ಗುಟುಕು ಯಾರಿಗೂ ಕುಡ್ಯಾಕ ಕೊಡಬ್ಯಾಡ, ಅದು ಸಾಯೋ ಕೂಸಿನ ಆತ್ಮಕ್ಕ ಅಂತ. ಹುಣಸಿಮರದ ಹತ್ರ ಬರೋದ್ರಾಗ ಅಷ್ಟ ಉಳಿದಿತ್ತು. ನಿಮ್ಮವ್ವ ಮರಕ್ಕ ಒರಗಿದ್ರು. ನೀವು ತೊಡಿ ಮ್ಯಾಲ, ಕಣ್ಣು ಮ್ಯಾಲಾಗಿದ್ವು. ಅವರು ನನ್ನ ನೋಡಿ... ನೀರು ಅಂದ್ರು."

ಅವಳು ತಿರುಗಲಿಲ್ಲ, ಕಾದಳು.

"ನಿಮ್ಮ ತಲಿಗೆ ಹಾಕ್ದೆ. ಬಾಯಿಪಾಠ ಹೇಳಿ ಹಾಕ್ದೆ. ಆಮ್ಯಾಲ ಬಾವಿಗೆ ಓಡಿ, ತುಂಬಿಸಿಕೊಂಡು ಬಂದೆ. ಬರೋದ್ರಾಗ ಅವರಿಲ್ಲ. ನನ್ನ ಹೊದಿಕಿ ಅವರಿಗೆ ಹೊಚ್ಚಿ, ನಿಮ್ಮನ್ನ ಹೆಗಲ ಮ್ಯಾಲ ಹಾಕ್ಕೊಂಡು ಗಂಜಿ ಮನಿಗೆ ಹೋದೆ. ನೀವು ಬದುಕಿದಿರೋ ಸತ್ತಿರೋ ಯಾರೂ ನನಗ ಹೇಳಲಿಲ್ಲ. ಅವತ್ತಿನಿಂದ ನನಗ ಯಾವ ಚಂಬಿನ ಕೊನೀ ಗುಟುಕೂ ಇಳಿಯಂಗಿಲ್ಲ."

ತಳದಲ್ಲಿ ನೀರು ಬಿಡುವ ಚಾಳಿ... ಅಜ್ಜಿ ಗೊಣಗಿದ್ದು ಅಂಬಮ್ಮನಿಗೆ ನೆನಪಾಯಿತು.

"ನಿಮ್ಮ ಅವ್ವನ ಬಾಯಿ ಒಣಗಿಸಿದಾಂವ ನಾ. ಮ್ಯಾಲ, ನೀವ ಒಪ್ಪಿಸಿದ್ರಲ್ಲ, ನೀರು ಹಾಕಿದಾಂವ ತಂದಿ ಸಮಾನ. ಯಾವ ಮಾರಿ ಹೊತ್ತು ನಿಮ್ಮನ್ನ ಕೇಳ್ಲಿ?"

'ಏನು ಕೇಳುತ್ತಿದ್ದ' ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಬೇರೆ ದಿನವಾಗಿದ್ದರೆ ಆ ಒಂದು ಮಾತಿಗೆ ಅವಳು ಹಾರಿ ಕುಣಿಯುತ್ತಿದ್ದಳೋ ಏನೋ. ಈಗ ಅವಳೊಳಗೆ ಹದಿನಾರು ವರ್ಷದ ಸಿಟ್ಟು ಎದ್ದು ನಿಂತಿತ್ತು. ಅವನ ಎದೆಗೆ ಗುದ್ದಬೇಕು ಅನ್ನಿಸಿತು. ಹದಿಮೂರು ವರ್ಷದ ಆ ಹುಡುಗನನ್ನು ಮಡಿಲಲ್ಲಿ ಕೂರಿಸಿಕೊಂಡು ಅಳಬೇಕು ಅಂತಲೂ ಅನ್ನಿಸಿತು.

"ನೀರು ಅಂದ್ಳು. ಅಂದು?" ಎಂದಳು. "ನಮ್ಮವ್ವ ಸುಮ್ಮನ ನೋಡ್ಕೊಂತ ಕುಂತಿದ್ಳೇನು?"

ರಾಯಪ್ಪ ರುಮಾಲು ತೆಗೆದು ಮುಖ ಒರೆಸಿಕೊಂಡ.

"ಹೇಳ್ರಿ. ನಂದು ಅದು. ನನಗ ಬೇಕು."

"ನಾ ಚಂಬು ಹಿಡಿದು ನಿಂತ್ಕೊಂಡೆ. ಅವರ ಬಾಯಿ ನೋಡ್ದೆ, ನಿಮ್ಮ ಮಾರಿ ನೋಡ್ದೆ. ಅವರು... ನನ್ನ ಮುಂಗೈ ಹಿಡಿದ್ರು. ಹಿಡಿದು ಚಂಬು ನಿಮ್ಮ ಕಡಿಗೆ ನೂಕಿದ್ರು." ಅವನು ಅವಸರವಾಗಿ ಸೇರಿಸಿದ. "ಆದ್ರ ಅದು ನನಗ ನೆವ ಅಲ್ಲ. ಅವರು ನೂಕದಿದ್ರೂ ನಾ ನಿಮ್ಮ ತಲಿಗೇ ಹಾಕ್ತಿದ್ದೆ. ಅದು ನನಗ ಗೊತ್ತೈತಿ. ಅದಕ್ಕ ಯಾರಿಗೂ ಹೇಳಿಲ್ಲ."

ಅಂಬಮ್ಮ ಏರಿಯ ಮೇಲೆ ಕೂತುಬಿಟ್ಟಳು.

ಮೂಗಿನ ಮೇಲಿಂದ ಇಳಿದ ನೀರು. ನಾಲಿಗೆಗೆ ಸಿಕ್ಕ ನೀರು. ಅದರ ರುಚಿ ಇನ್ನೂ ಬಾಯಲ್ಲಿದೆ. ಅದು ಸ್ವಾಮಿಗಳದಲ್ಲ, ಮಠದ್ದಲ್ಲ, ಚಂಬು ಹಿಡಿದು ನಡುಗುತ್ತಿದ್ದ ಹುಡುಗನದೂ ಅಲ್ಲ...

ಅವಳು ಅತ್ತಳು. ಬಿಕ್ಕಿ ಬಿಕ್ಕಿ, ನಾಚಿಕೆ ಬಿಟ್ಟು ಅತ್ತಳು. ಅವನು ಹತ್ತಿರ ಬರಲೂ ಹೆದರಿ ದೂರದಲ್ಲೇ ಕುಕ್ಕರಗಾಲಲ್ಲಿ ಕೂತ.

ತುಂಬಾ ಹೊತ್ತಾದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು. "ನೀವು ಏನ್ ಮಾಡ್ತಿದ್ರೋ ಅದು ನಿಮಗ, ನಿಮ್ಮ ದೇವರಿಗೆ ಬಿಟ್ಟದ್ದು. ಹದಿಮೂರು ವರ್ಷದ ಹಸಿದ ಹುಡುಗನ್ನ ನಾ ಪಂಚಾಯ್ತಿಗೆ ಕೂಡ್ಸಂಗಿಲ್ಲ. ಆದ್ರ ಒಂದು ಮಾತು ತಿಳ್ಕೋರಿ. ನನ್ನ ತಲಿಗೆ ನೀರು ಹಾಕಿದಾಕಿ ನಮ್ಮವ್ವ. ಬಾಯಿಪಾಠ ನಿಮ್ಮದು, ನೀರು ಅಕಿದು. ತನ್ನ ಬಾಯಿದು ತಗದು ಕೊಟ್ಟಾಳ. ಅಂಥಾಕಿಗೆ ಸ್ವರ್ಗ ಇಲ್ಲ ಅಂದವರು ಏನಾರ ಅಂದುಕೊಳ್ಳಲಿ."

"ಅಂಬಮ್ಮ..."

"ನೀವು ನನ್ನ ತಂದಿ ಹೆಂಗಾಗ್ತೀರಿ ಮತ್ತ? ಆ ಲೆಕ್ಕಕ್ಕ ನೀವು ಚಂಬು ಹಿಡಿದಾಂವ, ಅಷ್ಟ."

ರಾಯಪ್ಪ ಅವಳನ್ನು ನೋಡಿದ. ಹದಿನಾರು ವರ್ಷದಿಂದ ಕಟ್ಟಿಕೊಂಡಿದ್ದ ಉಸಿರನ್ನು ಬಿಟ್ಟವನಂತೆ ಅವನ ಭುಜ ಇಳಿಯಿತು.

"ನನಗ ಭಾನುವಾರ ಚರ್ಚಿಗೆ ಹೋಗೋದು ಬಿಡಾಕ ಆಗಂಗಿಲ್ಲ," ಎಂದ ಕೊನೆಗೆ. ಅವನ ಮಟ್ಟಿಗೆ ಅದೇ ಪ್ರೇಮ ನಿವೇದನೆ.

"ಹೋಗ್ರಿ. ನಾ ಬರಂಗಿಲ್ಲ. ಬಾ ಅಂತ ಕರೀಬ್ಯಾಡ್ರಿ." ಎದ್ದು ಸೆರಗು ಕೊಡವಿ ಸೇರಿಸಿದಳು. "ಸಂಜಿಗೆ ಮನಿಗೆ ಬರ್ರಿ. ರೊಟ್ಟಿ ಬಿಸಿ ಇರತಾವ."

* * *

ಗಾಡಿಯಲ್ಲಿ ಕೂತ ಹುಲುಗಮ್ಮ ದೂರದಿಂದ ಎಲ್ಲವನ್ನೂ ನೋಡುತ್ತಿದ್ದಳು, ಒಂದೂ ಕೇಳಿಸಿರಲಿಲ್ಲ. ಮೊಮ್ಮಗಳು ಬಂದು ಮೊಣಕಾಲು ಹಿಡಿದು ಹುಣಸೆಮರದ ಕಥೆ ಹೇಳಿದಾಗ ಮುದುಕಿಯ ಬಾಯಿ ಅದುರಿತು.

"ನನ್ನ ಮಗಳು... ಒಬ್ಬಾಕಿನ ಸತ್ಲು ಅಂತ ತಿಳಿದಿದ್ದೆನಲೇ," ಎಂದಳು. "ನಾಯಿ ನರಿ ಪಾಲಾದ್ಳು ಅಂತ."

"ಇಲ್ಲಜ್ಜಿ. ಒಬ್ಬ ಹುಡುಗ ಇದ್ದ. ಹೊದಿಕಿ ಹೊಚ್ಚಿದ."

ಹುಲುಗಮ್ಮ ರಾಯಪ್ಪನನ್ನು ಬಹಳ ಹೊತ್ತು ದಿಟ್ಟಿಸಿದಳು. ಅವನು ತಲೆ ತಗ್ಗಿಸಿ ನಿಂತಿದ್ದ. ಅವಳು ಒರಟಾಗಿ ಕೇಳಿದಳು. "ನಿಂದೂ ಹುಲಿಗೆಮ್ಮನ ಶುಕ್ರವಾರ ಅಲ್ಲ, ಹೌದಲ್ಲೋ?"

"ಅಲ್ಲ ಯವ್ವ."

"ಇಕಿದೂ ಅಲ್ಲ. ನನಗ ಮೊದಲಿಂದ ಗೊತ್ತು. ಊರ ಬಾಯಿಗೆ ಏನಾರ ಒಂದು ಮುಚ್ಚಳ ಬೇಕಿತ್ತು, ಮುಚ್ಚಿದ್ದೆ." ಕಣ್ಣೊರೆಸಿಕೊಂಡು ಗಾಡಿಯವನ ಕಡೆ ತಿರುಗಿದಳು. "ಗಾಡಿ ಹೊಳ್ಳಿಸಪ್ಪ."

"ದೇಶನೂರಿಗೆ ಏನ್ ಹೇಳಿ ಕಳಸೂಣಬೇ?"

"ಹುಡುಗಿಗೆ ದೇವಿನ ಬ್ಯಾರೆ ಗಂಡು ತೋರ್ಸ್ಯಾಳ ಅಂತ ಹೇಳು. ಸುಳ್ಳೇನು? ದೇವಿ ಹಾಕೋನ ಅಲ್ಲೇನು ಇವ? ಕುಲದವರು ನಾಳಿಗೆ ಏನ್ ಅಂತಾರೋ ಅನ್ನಲಿ. ಅವರ ಕಡ್ಡಿಗಿಂತ ಕಾದಿದ್ದು ನಾ ಉಂಡೀನಿ."

ಅಂಬಮ್ಮ ಗಾಡಿಯಿಂದ ಚಂಬು ತೆಗೆದುಕೊಂಡು ಕಾಲುವೆಗೆ ಇಳಿದಳು. ತುಂಬಿಸಿ ತಂದು ರಾಯಪ್ಪನ ಕೈಗೆ ಕೊಟ್ಟಳು.

ಅವನು ಎತ್ತಿ ಕುಡಿದ. ಗಟಗಟ ಕುಡಿಯುತ್ತಾ ಹೋಗಿ, ತಳಕ್ಕೆ ಬಂದಾಗ ನಿಂತ. ಚಂಬು ಕೆಳಗಿಳಿಸಿ ಅವಳ ಮುಖ ನೋಡಿದ.

"ಇಳೀವಲ್ದು," ಎಂದ.

ಅಂಬಮ್ಮ ಚಂಬು ಇಸಿದುಕೊಂಡಳು. ತಳದಲ್ಲಿದ್ದ ಒಂದು ಗುಟುಕಿನಲ್ಲಿ ಅರ್ಧ ತಾನು ಕುಡಿದಳು. ಅವನ ಮುಂಗೈ ಹಿಡಿದು, ಚಂಬನ್ನು ಅವನ ಕಡೆಗೆ ಮೆಲ್ಲಗೆ ನೂಕಿದಳು.

"ಈಗ ಕುಡೀರಿ," ಎಂದಳು. "ನಾ ಕೊಟ್ಟೀನಿ."

ಅವನು ಕುಡಿದ.